ಬಂಡೆಪ್ಪನ ಮನೆಯ ಜಾಗೀರದಾರ

ಹುಮನಾಬಾದಿನಲ್ಲಿ ರೇಷನ್ ಹಂಚುವ ಕಂಟ್ರೋಲ್ ಅಂಗಡಿಯ ಬಂಡೆಪ್ಪ ಯಾರಿಗೂ 'ಇಲ್ಲ' ಎಂದವನಲ್ಲ. ಅಂಗಡಿಯಲ್ಲಿ ಸಕ್ಕರೆಯ ಹರಳೂ ಇಲ್ಲದ ದಿನ ಕೂಡ ಅವನು ಇಲ್ಲ ಎನ್ನದೆ "ನಾಳಿ ಬರ್ರಿ" ಎನ್ನುತ್ತಿದ್ದ. ಇಂಥವನ ಮನೆ ಮುಂದೆ ಕಲ್ಯಾಣದ ಅಕ್ಕ ಕೇಶರಬಾಯಿ ಒಂದು ಮುಚ್ಚಿದ ಬುಟ್ಟಿ ಹಿಡಿದುಕೊಂಡು ಬಂದು ನಿಂತಾಗ ಏನಾಗಬೇಕೋ ಅದೇ ಆಯಿತು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲಿನ ಮೊದಲ ಬೇಸಿಗೆ ಅದು. ಕೇಶರಬಾಯಿ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೊರಟಿದ್ದಳು. ಬುಟ್ಟಿಯೊಳಗೆ ಅವಳ ಗಂಡುಬೆಕ್ಕು. ಬೂದು ಬಣ್ಣ, ಬೆಲ್ಲದ ಪೆಂಟೆಯಂಥ ತಲೆ, ಎದುರಿಗಿದ್ದವರನ್ನು ಅಳೆದು ನೋಡಿ ಬೇಡವೆಂದು ಬಿಡುವಂಥ ಕಣ್ಣು. ಕಲ್ಯಾಣದಲ್ಲಿ ಅವಳ ಮನೆಯ ಬೆನ್ನಿಗೆ ಒಂದು ಪಾಳು ಹವೇಲಿ ಇತ್ತು. ಆ ಹವೇಲಿಯ ಮೆಟ್ಟಿಲ ಮೇಲೆ ಹುಟ್ಟಿದ್ದರಿಂದ ಬೆಕ್ಕಿಗೆ ಜಾಗೀರದಾರ ಎಂದು ಹೆಸರು ಬಿದ್ದಿತ್ತು.

"ಅದು ಇದು ಅನಬ್ಯಾಡ," ಎಂದಳು ಕೇಶರಬಾಯಿ ಬುಟ್ಟಿ ಇಳಿಸುತ್ತ. "ಅವ ಅನ್ನು. ಅವಗ ಎಲ್ಲಾ ತಿಳೀತದ."

"ಊಟಕ್ಕ ಏನ್ ಹಾಕ್ಲಿ ಅಕ್ಕಾ?"

"ಹಾಲು, ಅನ್ನ. ತಾಟು ಯಾವಾಗ್ಲೂ ತುಂಬಿರಬೇಕು. ಅವ ತಿನ್ನಲಿ, ಬಿಡಲಿ. ತಾಟು ಖಾಲಿ ಕಂಡ್ರ ಅವನ ಮನಸ್ಸಿಗಿ ಹತ್ತತದ."

ಬಂಡೆಪ್ಪ ಹೂಂ ಅಂದ. ಅವನ ಹೆಂಡತಿ ಮುಕ್ತಾಬಾಯಿ ಬಾಗಿಲಲ್ಲಿ ನಿಂತು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಒಪ್ಪಿಗೆಯಲ್ಲ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ಬಂಡೆಪ್ಪನಿಗೆ ತಿಳಿದಿರಲಿಲ್ಲ.

ತಾಟು ತುಂಬಿಯೇ ಇತ್ತು. ಆದರೂ ಜಾಗೀರದಾರನ ಮನಸ್ಸಿಗೆ ಹತ್ತಿತು. ಇಡೀ ದಿನ ಅವನು ಅಕ್ಕಿ ಚೀಲದ ಮೇಲೆ ಬಿದ್ದುಕೊಂಡು ತನ್ನ ಹೊಟ್ಟೆಯನ್ನು ತಾನೇ ನೆಕ್ಕುತ್ತಿದ್ದ. ನೆಕ್ಕಿ ನೆಕ್ಕಿ ಅಲ್ಲಿಯ ಕೂದಲು ಉದುರಿ ಅಂಗೈಯಗಲ ಬೋಳಾಯಿತು. ಯಾರಾದರೂ ಹತ್ತಿರ ಹೋದರೆ ಪರಚುತ್ತಿದ್ದ. ಯಾರೂ ಹೋಗದಿದ್ದರೆ ಗೋಡೆಗೆ ಮುಖ ಮಾಡಿ, ಸತ್ತವರ ಮನೆಯಲ್ಲಿ ಅಳುವವರಂತೆ ರಾಗ ಎಳೆಯುತ್ತಿದ್ದ. ಒಂದು ಮಧ್ಯಾಹ್ನ ಮುಕ್ತಾಬಾಯಿಯ ಮಡಿಸೀರೆಯ ಮೇಲೆ ಉಚ್ಚೆ ಹೊಯ್ದ.

"ಈ ಮನ್ಯಾಗ ಅವನರ ಇರಬೇಕು, ನಾನರ ಇರಬೇಕು," ಎಂದಳು ಮುಕ್ತಾಬಾಯಿ.

ಅಕ್ಕನಿಗೆ ಇಲ್ಲ ಎನ್ನುವಂತಿಲ್ಲ, ಹೆಂಡತಿಗೆ ಇಲ್ಲ ಎನ್ನುವಂತಿಲ್ಲ. ಬಂಡೆಪ್ಪ ಬುಟ್ಟಿ ಎತ್ತಿಕೊಂಡು ದನದ ದವಾಖಾನೆಗೆ ನಡೆದ.

ದವಾಖಾನೆಯ ಡಾಕ್ಟರ್ ಅಜೀಮುದ್ದೀನ್ ಹೆಚ್ಚು ಮಾತಿನವರಲ್ಲ. ಇಷ್ಟು ವರ್ಷ ಎತ್ತು ಕುದುರೆಗಳ ಜೊತೆ ಕಳೆದದ್ದರಿಂದ ಉತ್ತರ ಬಾರದ ಕಡೆ ಮಾತಾಡುವುದು ಅವರಿಗೆ ರೂಢಿಯಾಗಿರಲಿಲ್ಲ. ಬೆಕ್ಕಿನ ಕಣ್ಣು, ಹಲ್ಲು, ಹೊಟ್ಟೆ ಎಲ್ಲ ನೋಡಿ ಕೈ ತೊಳೆದುಕೊಂಡರು.

"ದೇಹಕ್ಕ ಏನೂ ಆಗಿಲ್ಲ. ದಿನಾ ಏನ್ ಕೆಲಸ ಮಾಡ್ತಾನ?"

"ಕೆಲಸ? ಏನೂ ಇಲ್ರಿ ಡಾಕ್ಟರ್ ಸಾಬ್. ತುಂಬಿದ ತಾಟು ಮುಂದಿರತದ. ತಿಂತಾನ, ಮಲಗ್ತಾನ."

"ಅದೇ ಬಿಮಾರಿ," ಎಂದರು ಡಾಕ್ಟರು. "ಹೊಟ್ಟಿ ತುಂಬೇದ, ತಲಿ ಖಾಲಿ ಅದ. ಬೆಕ್ಕಂದ್ರ ಶಿಕಾರಿ ಜಾತಿ ಬಂಡೆಪ್ಪಾ. ಹುಡುಕಬೇಕು, ಹೊಂಚಬೇಕು, ಹಾರಬೇಕು, ಹಿಡೀಬೇಕು, ಆಮ್ಯಾಲ ಒಂದು ತುತ್ತು ತಿನ್ನಬೇಕು. ಮತ್ತ ಹುಡುಕಬೇಕು. ಇವಂಗ ನೀವು ಕೂತಲ್ಲೇ ತಿನ್ನಿಸಿ ತಿನ್ನಿಸಿ ತಲಿ ಕೆಡಿಸೀರಿ. ಊರೂ ಬದಲಾಗ್ಯದ. ಯಾರ ಮ್ಯಾಲ ಸಿಟ್ಟು ತೀರಿಸ್ಬೇಕು ಪಾಪ?"

"ಹಂಗಾರ ಔಷಧ?"

"ಔಷಧ ಇಲ್ಲ. ತಾಟು ಎತ್ತಿಡ್ರಿ. ಹಾಲು ಕಡಿಮಿ ಮಾಡ್ರಿ. ಬೇಯಿಸಿದ ಮಾಂಸದ ಸಣ್ಣ ಸಣ್ಣ ತುಂಡು ಮಾಡಿ ಮನಿ ತುಂಬ ಬಚ್ಚಿಡ್ರಿ. ಇವತ್ತು ಗೂಡಿನ್ಯಾಗ, ನಾಳಿ ಅಟ್ಟದ ಮ್ಯಾಲ. ಅವನೇ ಹುಡುಕಿ ತಿನ್ನಲಿ. ತಿನ್ನೂಮುಂದ ಯಾರೂ ಹತ್ರ ಹೋಗಬಾರ್ದು. ಊಟಕ್ಕಿಂತ ಮೊದಲ ಒಂದು ಹಗ್ಗ ಎಳದು ಆಟ ಆಡಸ್ರಿ."

"ಸಾಬ್, ನಾವು ಲಿಂಗವಂತರು. ನಮ್ಮ ಮನ್ಯಾಗ ಮಾಂಸ…"

"ನೀವು ಲಿಂಗವಂತರು," ಎಂದರು ಡಾಕ್ಟರು, ಬಾಗಿಲಲ್ಲಿ ನಿಂತಿದ್ದ ಎಮ್ಮೆಯ ಕಡೆ ತಿರುಗುತ್ತ. "ಬೆಕ್ಕು ಅಲ್ಲ."

ಬಂಡೆಪ್ಪನ ಮನೆಗೂ ಪಕ್ಕದ ಅಸ್ಗರಿ ಆಪಾಳ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇತ್ತು. ಅಸ್ಗರಿ ಆಪಾ ವಿಷಯ ಕೇಳಿ ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ, "ಕಾಳಜಿ ಮಾಡಬ್ಯಾಡ ಭಾಯಿ, ಉಪ್ಪು ಖಾರ ಹಾಕದೇ ಬೇಯಿಸಿ ಕೊಡ್ತೀನಿ," ಎಂದಳು. ಮುಕ್ತಾಬಾಯಿ ಒಂದೇ ಷರತ್ತು ಹಾಕಿದಳು. ಮಾಂಸ ಅಡುಗೆಮನೆಯ ಹೊಸ್ತಿಲು ದಾಟಕೂಡದು. ಉಳಿದ ಮನೆಯನ್ನು ಅವಳು ಬೆಕ್ಕಿಗೂ ಗಂಡನಿಗೂ ಬಿಟ್ಟುಕೊಟ್ಟಳು.

ಅಂದಿನಿಂದ ಸಂಜೆಯಾದರೆ ಗೋಡೆಯ ಮೇಲಿಂದ ಮುತ್ತುಗದ ಎಲೆಯ ಪೊಟ್ಟಣವೊಂದು ಈ ಕಡೆ ಬರುತ್ತಿತ್ತು. ಬಂಡೆಪ್ಪ ಮುಖ ಆ ಕಡೆ ತಿರುಗಿಸಿ, ಒಲೆಯ ಚಿಮಟಿಗೆಯಿಂದ ತುಂಡುಗಳನ್ನು ಎತ್ತಿ ಗೂಡು, ಜಂತಿ, ಅಟ್ಟ, ಹಗ್ಗದ ಸಿಂಬಿ, ಹಳೆಯ ಚಪ್ಪಲಿ ಹೀಗೆ ಎಲ್ಲೆಂದರಲ್ಲಿ ಅಡಗಿಸುತ್ತಿದ್ದ. ಜಾಗೀರದಾರ ಮೊದಲೆರಡು ದಿನ ಇದನ್ನು ಅವಮಾನವೆಂದು ತಿಳಿದು ಖಾಲಿ ತಾಟಿದ್ದ ಜಾಗದಲ್ಲಿಯೇ ಕೂತಿದ್ದ. ಆಮೇಲೆ ಮೂಗು ಮೇಲೆತ್ತಿದ. ಆಮೇಲೆ ಎದ್ದ.

ಇಷ್ಟರಲ್ಲೇ ನಿಂತಿದ್ದರೆ ಹುಮನಾಬಾದಿಗೆ ಏನೂ ತೊಂದರೆ ಇರಲಿಲ್ಲ. ಆದರೆ ಬಂಡೆಪ್ಪನಿಗೆ ಬೆಳಗಿನ ಚಹಾ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲೇ ಆಗಬೇಕಿತ್ತು. ಅಲ್ಲಿ ಕಾಶಿರಾಮ ಇರುತ್ತಿದ್ದ. ಕಾಶಿರಾಮ ದಾಲ್ ಮಂಡಿಯ ದಲಾಲ. ಬೇಳೆಗಿಂತ ಸುದ್ದಿಯ ವ್ಯಾಪಾರವೇ ಅವನಿಗೆ ಕೈಹತ್ತಿತ್ತು.

"ಕೈಗಿ ಏನಾಗ್ಯದ ಬಂಡೆಪ್ಪಣ್ಣ, ಇಷ್ಟು ಗೀರು?"

"ಜಾಗೀರದಾರಂದು," ಎಂದ ಬಂಡೆಪ್ಪ ಬೇಸರದಿಂದ. "ನಮ್ಮ ಮನ್ಯಾಗ ಬಂದು ಇಳದಾನಲ್ಲ. ಕಲ್ಯಾಣದಿಂದ. ಸಿಟ್ಟು ಭಾಳ."

ಕಾಶಿರಾಮನ ಬಾಯಲ್ಲಿದ್ದ ಬೀಡಿ ಆರಿತು. ಹೋಟೆಲ್ಲಿನ ಬೆಂಚುಗಳ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಆ ಕಾಲಕ್ಕೆ ಜಾಗೀರದಾರರೆಂದರೆ ಸಣ್ಣ ಮಾತೇ? ಊರೂರಿನ ತೆರಿಗೆ ಎತ್ತಿ ತಿಂದವರು, ಮನೆಯಿಂದ ಹೊರಬಿದ್ದರೆ ಮುಂದೆ ಇಬ್ಬರು ಹಿಂದೆ ಇಬ್ಬರು ಇದ್ದವರು.

"ನಿಮ್ಮ ಮನ್ಯಾಗ? ಜಾಗೀರದಾರ್ರು?"

ಬೆಕ್ಕು ಎಂದು ಹೇಳಲು ಬಂಡೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೋಟೆಲ್ಲಿನವನು ಕೇಳದೆಯೇ ಮಲಾಯಿ ಹಾಕಿದ ಚಹಾ ತಂದು ಅವನ ಮುಂದಿಟ್ಟ. ಯಾರೋ ಎದ್ದು ಬೆಂಚಿನ ಮೇಲಿನ ಧೂಳು ಒರೆಸಿದರು. ಇಡೀ ಆಯುಷ್ಯದಲ್ಲಿ ಬಂಡೆಪ್ಪನಿಗಾಗಿ ಬೆಂಚು ಒರೆಸಿದವರಿರಲಿಲ್ಲ. ಚಹಾ ಕುಡಿದ ಮೇಲೆ ಹೇಳಿದರಾಯಿತು ಎಂದು ಅವನು ಬಾಯಿ ಮುಚ್ಚಿದ. ಚಹಾ ಮುಗಿಯುವ ಹೊತ್ತಿಗೆ ಹೇಳುವ ವೇಳೆ ದಾಟಿಹೋಗಿತ್ತು.

ಅವನು ಸುಳ್ಳು ಹೇಳಿದನೆಂದು ಯಾರೂ ಅನ್ನಬಾರದು. ಕೇಳಿದ್ದಕ್ಕೆಲ್ಲ ಅವನು ಕೊಟ್ಟ ಉತ್ತರ ನಿಜವೇ.

"ಜಾಗೀರದಾರ್ರು ಊಟಕ್ಕ ಏನ್ ತಗೊಂತಾರ?"

"ಮಾಂಸ. ಅಸ್ಗರಿ ಆಪಾ ಮಾಡಿ ಕೊಡ್ತಾಳ."

"ಹೊರಗ ಯಾಕ ಬರಂಗಿಲ್ಲ?"

"ಮಂದಿ ಕಂಡ್ರ ಆಗಿ ಬರಲ್ಲ."

"ಆರಾಮ ಅದಾರಿಲ್ಲ?"

ಬಂಡೆಪ್ಪ ದನಿ ತಗ್ಗಿಸಿದ. "ತಲಿ ಸ್ವಲ್ಪ ಕೆಟ್ಟಿತ್ತು. ಕೂತು ತಿಂದು ತಿಂದು ಆಗ್ಯದಂತ ಡಾಕ್ಟರ್ ಹೇಳ್ಯಾರ. ಈಗ ಊಟ ಬಚ್ಚಿಡ್ತೀನಿ. ಹುಡುಕಿ ತಿಂತಾನ."

ಇದನ್ನು ಕೇಳಿ ಕಾಶಿರಾಮ ಬಹಳ ಹೊತ್ತು ಯೋಚಿಸಿದ. ಒಬ್ಬ ಜಾಗೀರದಾರ ಕಂಟ್ರೋಲ್ ಅಂಗಡಿಯವನ ಅಟ್ಟ ಹತ್ತಿ ಮಾಂಸದ ತುಂಡು ಹುಡುಕುವ ಚಿತ್ರ ಅವನ ಕಣ್ಣೆದುರು ಸರಿಯಾಗಿ ನಿಲ್ಲಲಿಲ್ಲ. ಕೊನೆಗೆ, "ದೊಡ್ಡವರ ಇಲಾಜೇ ಬ್ಯಾರೆ," ಎಂದು ಊರಿಗೆಲ್ಲ ಹೇಳಿದ.

ಬಂಡೆಪ್ಪನ ನಸೀಬು ತೆರೆಯಿತು. ಮಂಡಿಯಲ್ಲಿ ಅವನಿಗೆ ಸಲಾಮು ಬೀಳತೊಡಗಿದವು. ಹುಡಗಿ ಎಂಬ ಹಳ್ಳಿಯಿಂದ ಒಬ್ಬ ರೈತ ಮಾವಿನಹಣ್ಣಿನ ಬುಟ್ಟಿ ತಂದು, "ಹಜೂರ್ ಕಿವಿಗಿ ನಮ್ಮ ಹೊಲದ ತಕರಾರು ಒಂದಿಷ್ಟು ಹಾಕ್ರಿ," ಎಂದು ಇಟ್ಟುಹೋದ. ಬಂಡೆಪ್ಪ ಮನೆಗೆ ಹೋಗಿ ನಿಜಕ್ಕೂ ಬೆಕ್ಕಿನ ಕಿವಿಗೆ ಹಾಕಿದ. ಜಾಗೀರದಾರ ಕಿವಿ ಕೊಡವಿದ. ಮಾವಿನಹಣ್ಣು ಬೆಕ್ಕಿಗೆ ಸೇರುವ ಪದಾರ್ಥವಲ್ಲವಾದ್ದರಿಂದ ಅವನ್ನು ಬಂಡೆಪ್ಪನೇ ತಿನ್ನಬೇಕಾಯಿತು. ಕಾಶಿರಾಮ ಅತ್ತರಿನ ಕುಪ್ಪಿ ಕಳಿಸಿದ. ಮುಕ್ತಾಬಾಯಿ ಅದನ್ನು ಮಡಿಸೀರೆ ತೊಳೆಯುವ ನೀರಿಗೆ ಹಾಕಿದಳು.

"ಇದು ಬೆಕ್ಕು ಅಂತ ಮಂದಿಗಿ ಯಾವಾಗ ಹೇಳ್ತೀರಿ?" ಎಂದು ಕೇಳಿದಳು.

"ನಾಳಿ," ಎಂದ ಬಂಡೆಪ್ಪ.

ಅತ್ತ ಜಾಗೀರದಾರ ಮಾತ್ರ ಯಾರ ಸಲಾಮನ್ನೂ ಲೆಕ್ಕಿಸದೆ ಸುಧಾರಿಸುತ್ತಿದ್ದ. ಬೆಳಿಗ್ಗೆ ಎದ್ದು ಮೈಮುರಿದು ಜಂತಿಯಿಂದ ಜಂತಿಗೆ ಗಸ್ತು ತಿರುಗುತ್ತಿದ್ದ. ಹಗ್ಗ ಎಳೆದರೆ ಬೆನ್ನುಹತ್ತುತ್ತಿದ್ದ. ಹೊಟ್ಟೆಯ ಬೋಳಿನಲ್ಲಿ ಸಣ್ಣ ಕೂದಲು ಕಾಣಿಸಿತು. ರಾಗ ನಿಂತಿತು. ಒಂದು ದಿನ ತಾನಾಗಿಯೇ ಬಂದು ಮುಕ್ತಾಬಾಯಿಯ ಪಾದಕ್ಕೆ ತಲೆ ಒರೆಸಿ ಹೋದ. ಅವಳು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಬೆನ್ನು ಸವರಿದಳು.

ಮಳೆಗಾಲ ಹಿಡಿಯಿತು. ಒಂದು ಬೆಳಿಗ್ಗೆ ಬಂಡೆಪ್ಪ ಹೋಟೆಲ್ಲಿಗೆ ಹೋದಾಗ ಅವನ ಬೆಂಚಿನ ಮೇಲೆ ಧೂಳು ಹಾಗೆಯೇ ಇತ್ತು. ಚಹಾಕ್ಕೆ ಮಲಾಯಿ ಇರಲಿಲ್ಲ. ಕಾಶಿರಾಮ ಎದ್ದು ಬೇರೆ ಬೆಂಚಿಗೆ ಹೋಗಿ ಕೂತ. ಹೈದರಾಬಾದಿನಿಂದ ಸುದ್ದಿ ಬಂದಿತ್ತು. ಜಾಗೀರುಗಳೆಲ್ಲ ರದ್ದು, ಸರಕಾರದ ವಶ. ಅದರ ಬೆನ್ನಿಗೇ ಇನ್ನೊಂದು ಸುದ್ದಿ. ಯಾವುದೋ ದೂರದ ಹಳ್ಳಿಯ ಜಾಗೀರದಾರನೊಬ್ಬ ಊರಿನವರು ಸರಕಾರಕ್ಕೆ ಕೊಡಬೇಕಾದ ಲೇವಿ ಧಾನ್ಯ ಮಾರಿಕೊಂಡು ತಲೆ ತಪ್ಪಿಸಿಕೊಂಡಿದ್ದಾನೆ, ಅವನನ್ನು ಅಡಗಿಸಿದವರಿಗೂ ಜೈಲು.

ಬಂಡೆಪ್ಪ ಬಶಿ ಕೆಳಗಿಟ್ಟು ಎದ್ದು ನಿಂತ. "ಏ ಕಾಶಿರಾಮಾ! ನಮ್ಮ ಮನ್ಯಾಗ ಇರೋದು ಬೆಕ್ಕು!"

ಬೆಂಚುಗಳ ಮೇಲೆ ಕೂತವರೆಲ್ಲ ಮತ್ತೆ ಅವನತ್ತ ತಿರುಗಿದರು. ಆಮೇಲೆ ಕಾಶಿರಾಮ ತಲೆಯಾಡಿಸಿದ. "ಹಂಗೇ ಹೇಳ್ರಿ ಬಂಡೆಪ್ಪಣ್ಣ. ಯಾರು ಕೇಳಿದ್ರೂ ಹಂಗೇ ಹೇಳ್ರಿ. ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ."

"ಖರೇನೇ ಬೆಕ್ಕೋ! ನಾಲ್ಕು ಕಾಲಿಂದು!"

"ನಾಲ್ಕೇ ಇರಲಿ," ಎಂದ ಕಾಶಿರಾಮ ಕರುಣೆಯಿಂದ. ಚಹಾ ಅರ್ಧಕ್ಕೆ ಬಿಟ್ಟು ನೇರವಾಗಿ ಠಾಣೆಯ ಕಡೆ ಹೋದ.

ಮುಕ್ತಾಬಾಯಿ ವಿಷಯ ಕೇಳಿ ತಲೆಗೆ ಕೈ ಹಚ್ಚಿ ಕೂತಳು. "ಅಂಗಡಿ ಪರವಾನಗಿ ಹೋಯ್ತು ಅಂದ್ರ ನಾಳಿಂದ ಏನ್ ತಿನ್ನೋಣು? ಬೆಕ್ಕಿನ ಸಲುವಾಗಿ ಜೈಲಿಗಿ ಹೋದ ಮೊದಲ ಮನುಷ್ಯಾ ನೀವೇ ಆಗ್ತೀರಿ."

ಅಂದು ಮಧ್ಯಾಹ್ನ ಹೊಸ ಅಮೀನರು ಬಂದರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಪೊಲೀಸ್ ಅಧಿಕಾರಿ, ಇಸ್ತ್ರಿ ಮುರಿಯದ ಖಾಕಿ, ಹಿಂದೆ ಇಬ್ಬರು ಜವಾನರು, ಅವರ ಹಿಂದೆ ಕಾಶಿರಾಮ, ಅವನ ಹಿಂದೆ ಅರ್ಧ ಹುಮನಾಬಾದು.

"ಬಂಡೆಪ್ಪ ಅಂದ್ರ ನೀನಽ ಏನು?"

"ಹೌದ್ರಿ ಸಾಹೇಬ್ರ. ಆದ್ರ ಅದು ಬೆಕ್ಕು ಅದರಿ."

"ಬೆಕ್ಕು ಅಂತ ಹೇಳ್ತೀ ಅಂತನೂ ನನಗ ಹೇಳ್ಯಾರ," ಎಂದರು ಅಮೀನರು. "ಯಾರು ತಂದು ಬಿಟ್ಟರು?"

"ನಮ್ಮ ಅಕ್ಕರಿ. ಸಣ್ಣವಿದ್ದಾಗಿಂದ ಹಾಲು ಹಾಕಿ ಬೆಳಿಸ್ಯಾಳ್ರಿ ಅವನ್ನ."

"ಅಂದ್ರ ಹಾಲುಣಿಸಿ ಸಾಕಿದ ದಾಯಿ," ಎಂದರು ಅಮೀನರು ಜವಾನರ ಕಡೆ ನೋಡಿ. ಜವಾನರು ತಲೆಯಾಡಿಸಿದರು. "ಈಗ ಎಲ್ಲಿದ್ದಾನ?"

"ಅಟ್ಟದ ಮ್ಯಾಲ್ರಿ, ಊಟದಾಗ. ಊಟದಾಗ ಇದ್ದಾಗ ಹತ್ರ ಹೋಗಬ್ಯಾಡ್ರಿ, ಡಾಕ್ಟರ್ ಹೇಳ್ಯಾರ."

ಅಮೀನರು ಮನೆಯೆಲ್ಲ ಹುಡುಕುವ ಜಡತಿಗೆ ಹುಕುಂ ಕೊಟ್ಟರು. ಜವಾನರು ಗೂಡಿನಲ್ಲಿ ಕೈ ಹಾಕಿದರೆ ಮಾಂಸದ ತುಂಡು. ಹಗ್ಗದ ಸಿಂಬಿಯಲ್ಲಿ ಮಾಂಸದ ತುಂಡು. ಒಬ್ಬ ಜವಾನ ಚಪ್ಪಲಿಯೊಳಗಿನಿಂದ ಒಂದನ್ನು ಎರಡು ಬೆರಳಲ್ಲಿ ಎತ್ತಿ ತಂದು ಅಮೀನರ ಮೂಗಿನ ಕೆಳಗೆ ಹಿಡಿದ. ಹೊರಗಿನ ಜನ ಕತ್ತು ಉದ್ದ ಮಾಡಿ ನೋಡಿದರು. ಅಸ್ಗರಿ ಆಪಾ ಗೋಡೆಯ ಆಚೆಯಿಂದ, "ಉಪ್ಪು ಹಾಕಿಲ್ಲ ಸಾಬ್, ಬೆಕ್ಕಿಂದೇ ಅದು," ಎಂದು ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಲಿಂಗವಂತರ ಮನ್ಯಾಗ, ಚಪ್ಪಲ್ಯಾಗ, ಮಟನ್," ಎಂದರು ಅಮೀನರು ಒಂದೊಂದು ಶಬ್ದವನ್ನೂ ಬೇರೆ ಬೇರೆ ಇಟ್ಟು. ನಂತರ ಅಟ್ಟದ ಏಣಿಯ ಬುಡದಲ್ಲಿ ನಿಂತು ದನಿ ಎತ್ತಿದರು. "ಜಾಗೀರದಾರ್ ಸಾಹೇಬ್ರ! ಆಟ ಮುಗೀತು. ಸುಮ್ಮನ ಕೆಳಗ ಬರ್ರಿ!"

ಮೇಲೆ ಏನೋ ಸರಿದಾಡಿತು. ಜವಾನರು ಲಾಠಿ ಎತ್ತಿದರು. ಅಟ್ಟದ ಅಂಚಿನಲ್ಲಿ ಜಾಗೀರದಾರ ಕಾಣಿಸಿಕೊಂಡ. ಮೀಸೆ ನೆಕ್ಕಿಕೊಂಡು ಅಮೀನರನ್ನು ತಲೆಯಿಂದ ಬೂಟಿನವರೆಗೆ ನೋಡಿ ಆಕಳಿಸಿದ.

"ಇದಲ್ಲ," ಎಂದರು ಅಮೀನರು. "ಇದರ ಹಿಂದ ಇದ್ದಾನಲ್ಲ, ಅವ."

ಹಿಂದೆ ಯಾರೂ ಇರಲಿಲ್ಲ. ಜವಾನನೊಬ್ಬ ಹತ್ತಿ ಜೇಡರ ಬಲೆಯನ್ನೆಲ್ಲ ತಲೆಗೆ ಸುತ್ತಿಕೊಂಡು ಇಳಿದು ಬಂದ. ಡಾಕ್ಟರನ್ನು ಕರೆಸಿ ಎಂದು ಬಂಡೆಪ್ಪ ಬೇಡಿಕೊಂಡ. ಅವರನ್ನು ಕರೆತರಲು ಹೋದ ಜವಾನ ತಿರುಗಿ ಬರುವ ಮೊದಲೇ ಸೊಲ್ಲಾಪುರದ ಮೋಟಾರು ಬಂತು. ಅದರಿಂದ ಇಳಿದ ಕೇಶರಬಾಯಿ ತಮ್ಮನ ಮನೆ ಮುಂದೆ ಜಾತ್ರೆಯಂತೆ ಜನ ಕಂಡು, ಗಂಟು ಅಲ್ಲೇ ಒಗೆದು ಓಡಿಬಂದಳು.

"ನನ್ನ ಜಾಗೀರದಾರಗ ಏನಾಯ್ತೋ!"

"ದಾಯಿ ಬಂದಳು," ಎಂದ ಜವಾನ.

"ಬಾಯೀ," ಎಂದರು ಅಮೀನರು ಗಂಭೀರವಾಗಿ, "ನಿಮ್ಮ ಜಾಗೀರದಾರನ್ನ ನೀವಽ ಹಾಜರ ಮಾಡ್ರಿ. ಕಾಯ್ದೆಕ ಸಹಾಯ ಮಾಡ್ರಿ."

"ಹಾಜರ ಮಾಡೋದೇನು, ಕರದ್ರ ಬರ್ತಾನ," ಎಂದು ಕೇಶರಬಾಯಿ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು. "ಜಾಗ್ಯಾ! ಏ ನನ ಜಾಗ್ಯಾ! ಬಾರೋ ರಾಜಾ!"

ಜಾಗೀರದಾರ ಅಟ್ಟದಿಂದ ಅಕ್ಕಿ ಚೀಲಕ್ಕೆ, ಚೀಲದಿಂದ ಅಮೀನರ ಹೆಗಲಿಗೆ, ಹೆಗಲಿಂದ ಕೇಶರಬಾಯಿಯ ಎದೆಗೆ ಹಾರಿದ. ಅಮೀನರ ಟೋಪಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರು ಬಹಳ ಹೊತ್ತು ತೆಗೆದುಕೊಂಡರು. ಬಗ್ಗಿದ ಮುಖದಲ್ಲಿ ನಗು ಇತ್ತೋ ಸಿಟ್ಟು ಇತ್ತೋ ಯಾರಿಗೂ ಕಾಣಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಅಜೀಮುದ್ದೀನ್ ಬಂದು, ಬೆಕ್ಕಿನ ಹೊಟ್ಟೆ ತಿರುಗಿಸಿ ನೋಡಿದರು. "ಕೂದಲು ಬಂದಾವ. ತಲಿ ಠಿಕಾಣಿಗಿ ಬಂದದ. ಯಾರಿಗಿ ಏನಾಗ್ಯದಂತ ನನ್ನ ಕರಸೀರಿ?" ಎಂದು ಅಮೀನರನ್ನು ಕೇಳಿದರು.

ಅಮೀನರು ಟೋಪಿಯ ಧೂಳು ಕೊಡವಿದರು. "ಕಾಶಿರಾಮ ಎಲ್ಲಿ?" ಎಂದರು.

ಕಾಶಿರಾಮ ಆಗಲೇ ಮಂಡಿಯ ಮೂಲೆ ದಾಟಿದ್ದ. ಉಳಿದವರು ಬಂಡೆಪ್ಪನನ್ನು ನುಂಗುವ ಹಾಗೆ ನೋಡಿದರು. ಅವನು ಅವರಿಗೆ ಮೋಸ ಮಾಡಿದ್ದಕ್ಕಲ್ಲ, ಒಂದು ಬೆಕ್ಕಿಗೆ ಇಷ್ಟು ತಿಂಗಳು ಇಡೀ ಊರು ಹಜೂರ್ ಅಂದದ್ದಕ್ಕೆ. "ಮಾವಿನಹಣ್ಣು?" ಎಂದ ಹುಡಗಿ ಹಳ್ಳಿಯ ರೈತ. ಬಂಡೆಪ್ಪ ಅವನಿಗೂ ಇಲ್ಲ ಎನ್ನಲಾರದೆ, "ಮುಂದಿನ ಬ್ಯಾಸಗಿಗಿ ಬರ್ರಿ," ಎಂದ. ಅಂಗಡಿಯ ಪರವಾನಗಿ ಉಳಿಯಿತು, ಸಲಾಮು ಹೋಯಿತು.

ಜನ ಚದುರಿದ ಮೇಲೆ ಕೇಶರಬಾಯಿಗೆ ಚಪ್ಪಲಿಯ ವಿಷಯ ತಿಳಿಯಿತು. ಅವಳು ಅತ್ತಳು. "ತಾಟು ತುಂಬ ಉಂಡವ ನನ ಮಗ. ಅವಗ ಚಪ್ಪಲ್ಯಾಗಿಂದು ಹೆಕ್ಕಿ ತಿನ್ನಸ್ತೀ ಏನೋ? ಅದೂ ಮಾಂಸ!" ಎಂದು ತಾನೇ ಹಾಲನ್ನ ಕಲಸಿ ತಾಟು ತುಂಬಿ ಅವನ ಮುಂದಿಟ್ಟಳು. ಜಾಗೀರದಾರ ಬಗ್ಗಿ ಮೂಸಿದ. ಅವಳಿಗೆ ಬೇಜಾರಾಗಬಾರದೆಂಬಂತೆ ಒಂದು ಸಲ ನೆಕ್ಕಿದ. ಆಮೇಲೆ ಬಾಲ ನೆಟ್ಟಗೆ ಮಾಡಿ, ಜವಾನರ ಕೈಗೆ ಸಿಗದೆ ಉಳಿದಿದ್ದ ಜಂತಿಯ ಮೇಲಿನ ತುಂಡಿಗೆ ಹಾರಿದ. ಕೇಶರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನೇ ನೋಡುತ್ತ ನಿಂತಳು. "ಇವ ಇಷ್ಟು ಮ್ಯಾಲ ಹಾರ್ತಾನಂತ ನನಗ ಗೊತ್ತೇ ಇರಲಿಲ್ಲ," ಎಂದಳು. ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಿಕೊಂಡು ಕಲ್ಯಾಣಕ್ಕೆ ಹೋದಳು. ಬುಟ್ಟಿ ಹೋದ ಮೇಲೆ ಮುಕ್ತಾಬಾಯಿ ಅಂದೆಲ್ಲ ಏನೂ ಅನ್ನಲಿಲ್ಲ.

ದಸರೆ ಕಳೆದ ಮೇಲೆ ಬಂಡೆಪ್ಪ, ಬರುವುದಾಗಿ ಮೊದಲೇ ಹೇಳಿಕಳಿಸಿ, ಕಲ್ಯಾಣಕ್ಕೆ ಅಕ್ಕನ ಯೋಗಕ್ಷೇಮ ನೋಡಲು ಹೋದ. ಮೋಟಾರು ದಾರಿಯಲ್ಲಿ ಕೆಟ್ಟು, ಬಿಸಿಲಲ್ಲಿ ನಿಂತು, ಹೊಟ್ಟೆ ಬೆನ್ನಿಗೆ ಹತ್ತಿದ ಹೊತ್ತಿಗೆ ಮನೆ ಸೇರಿದ. ಒಳಗೆ ಕೇಶರಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿಯ ತುದಿಯಲ್ಲಿ ನಿಂತು, ಮುಖ ಆ ಕಡೆ ಮಾಡಿ, ಚಿಮಟಿಗೆಯಿಂದ ಏನನ್ನೋ ಜಂತಿಯ ಸಂದಿಗೆ ತುರುಕುತ್ತಿದ್ದಳು. ಕೆಳಗೆ ಜಾಗೀರದಾರ ಏನೂ ತಿಳಿಯದವನಂತೆ ಗೋಡೆ ನೋಡುತ್ತ ಕೂತಿದ್ದ.

"ಶ್! ಅವಗ ಕೇಳಿಸ್ತದ," ಎಂದಳು ಕೇಶರಬಾಯಿ ಮೇಲಿನಿಂದಲೇ. "ಬಾಜೂ ಮನಿ ಅನ್ವರಿ ಮಾಂಸ ಬೇಯಿಸಿ ಕೊಟ್ಟಾಳ. ನಾ ಮುಟ್ಟಂಗಿಲ್ಲ, ನೋಡಂಗಿಲ್ಲ. ಚಿಮಟಿಗಿ ಮುಟ್ತದ."

ಬಂಡೆಪ್ಪ ಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತ. ಎದುರಿಗೆ ತಾಟು ಬರಲಿಲ್ಲ. ಸ್ವಲ್ಪ ಹೊತ್ತು ಕಾದ.

"ಅಕ್ಕಾ, ಹೊಟ್ಟಿ ಹಸದದ. ಊಟ?"

ಕೇಶರಬಾಯಿ ಏಣಿ ಇಳಿದು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ವರ್ಷಗಟ್ಟಲೆ ಅಂಗಡಿಯ ಗಾದಿಯ ಮೇಲೆ ಕೂತು ಬೆಳೆದ ಹೊಟ್ಟೆ. ಅವನ ತಲೆ ಖಾಲಿ ಎಂಬುದನ್ನು ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ.

"ಇಟ್ಟೀನಿ," ಎಂದಳು. "ಹುಡುಕು."

ರೊಟ್ಟಿ ಬೀಸುವ ಕಲ್ಲಿನ ಹಿಂದೆ ಸಿಕ್ಕಿತು. ಶೇಂಗಾ ಹಿಂಡಿ ಹಾಸಿಗೆಯ ಸುರುಳಿಯಲ್ಲಿತ್ತು. ಬದನೆಕಾಯಿ ಪಲ್ಲೆಗಾಗಿ ಬಂಡೆಪ್ಪ ಅಟ್ಟ ಹತ್ತಿ, ಜೇಡರ ಬಲೆ ಬಿಡಿಸಿಕೊಂಡು, ಬೆವರು ಸುರಿಸುತ್ತ ಇಳಿದ. ಬೆಣ್ಣೆ ಎಲ್ಲಿದೆಯೆಂದು ಅವನಿಗೆ ಗೊತ್ತಾಗುವ ಮೊದಲೇ ಜಾಗೀರದಾರನಿಗೆ ಗೊತ್ತಾಗಿತ್ತು.